ಹಕ್ಕಿ ಸಲೀಂ ಅಲಿ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲದ ಬದುವಿನ ಮೇಲೆ ಮಣ್ಣಿನ ಬಣ್ಣದ ಸಣ್ಣ ಹಕ್ಕಿಯೊಂದು ಬಾಲ ಕುಣಿಸುತ್ತ ಓಡಾಡತದ. ನಾವು ಗುಬ್ಬಿ ಅಂತ ಬಿಟ್ಟುಬಿಡತೀವಿ. ಅದು ಗುಬ್ಬಿ ಅಲ್ಲ, ಪಿಪಿಟ್. ಅದರಾಗೂ ಬೇರೆ ಬೇರೆ ಜಾತಿ ಅದಾವ. ಇಂಥ ಸಣ್ಣ ವ್ಯತ್ಯಾಸ ನೋಡುವುದರಲ್ಲೇ ಆಯುಷ್ಯ ಕಳೆದವರು ಡಾ. ಸಲೀಂ ಅಲಿ.

ಅವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಮೂರು ವರ್ಷದವರಿದ್ದಾಗಲೇ ತಂದೆ ತಾಯಿ ಇಬ್ಬರೂ ಇರಲಿಲ್ಲ. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಸಾಕಿದರು. ಹುಡುಗನಿದ್ದಾಗ ಛರ್ರಾ ಬಂದೂಕಿನಿಂದ ಒಂದು ಗುಬ್ಬಿ ಹೊಡೆದರು. ಅದರ ಕುತ್ತಿಗೆ ಮೇಲೆ ಹಳದಿ ಗುರುತಿತ್ತು. ಮನೆಗುಬ್ಬಿಗೆ ಹಳದಿ ಇರೋದಿಲ್ಲಲ್ಲ! ಮಾವ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಇದು ಬೇರೆ ಜಾತಿಯ ಗುಬ್ಬಿ ಎಂದು ತಿಳಿಸಿ, ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಅಂದಿನಿಂದ ಹಕ್ಕಿ ಹುಚ್ಚು ಹಿಡಿಯಿತು.

ಆದರೆ ಡಿಗ್ರಿ ಇಲ್ಲ ಅಂತ ಸರಕಾರಿ ಕೆಲಸ ಸಿಗಲಿಲ್ಲ. ಮುಂಬಯಿ ಮ್ಯೂಸಿಯಂನಲ್ಲಿ ನೌಕರಿ ಸಿಕ್ಕಿತ್ತು. ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ವಾಪಸ್ ಬರೋದ್ರಾಗ ಅದೂ ಹೋಗಿತ್ತು, ರೊಕ್ಕ ಇಲ್ಲ ಅಂತ ಹುದ್ದೆಯನ್ನೇ ತೆಗೆದಿದ್ದರು. ಅವರು ಕೈಕಟ್ಟಿ ಕೂಡಲಿಲ್ಲ. ಸಂಬಳ ಬ್ಯಾಡ, ಖರ್ಚು ಕೊಟ್ಟರೆ ಸಾಕು, ಹಕ್ಕಿಗಳ ಸಮೀಕ್ಷೆ ಮಾಡಿಕೊಡತೀನಿ ಎಂದು ಸಂಸ್ಥಾನಗಳನ್ನು ಕೇಳಿಕೊಂಡರು. ನಿಜಾಮರ ಹೈದರಾಬಾದ್ ಸಂಸ್ಥಾನ ಒಪ್ಪಿತು. ನಮ್ಮ ಗುಲಬರ್ಗಾ, ಅಂದರೆ ಈಗಿನ ಕಲಬುರಗಿ ಜಿಲ್ಲೆ ಆಗ ಆ ಸಂಸ್ಥಾನದಲ್ಲೇ ಇತ್ತು. 1931-32ರಲ್ಲಿ ಆ ಸಮೀಕ್ಷೆ ನಡೆಯಿತು. ಪತ್ನಿ ತೆಹಮಿನಾ ಈ ತಿರುಗಾಟಕ್ಕೆ ಬೆನ್ನಾಗಿ ನಿಂತರು. ಸಂಗ್ರಹಿಸಿದ ಹಕ್ಕಿಗಳನ್ನು ಇಂಗ್ಲೆಂಡಿನ ವಿಸ್ಲರ್ ಎಂಬ ಪಂಡಿತರು ತಾಳೆ ಹಾಕಿ ನೋಡಿ ಟಿಪ್ಪಣಿ ಬರೆದರು.

ಈಗ ನಮ್ಮ ಪಿಪಿಟ್ ನೋಡ್ರಿ. ಪ್ಯಾಡಿಫೀಲ್ಡ್ ಪಿಪಿಟ್ ವರ್ಷವಿಡೀ ಇಲ್ಲೇ ಇರತದ, ನೆಲದ ಮೇಲೆ ಹುಲ್ಲಿನಾಗ ಗೂಡು ಕಟ್ಟತದ. ಉದ್ದ ಸುಮಾರು 15 ಸೆಂ.ಮೀ., ಎದೆ ಮೇಲೆ ಕಂದು ಗೆರೆ. ಟಾನಿ ಪಿಪಿಟ್ ಅದಕ್ಕಿಂತ ತುಸು ದೊಡ್ಡದು, ಮರಳಿನ ಬಣ್ಣದ್ದು. ಬಲಿತ ಹಕ್ಕಿಯ ಎದೆ ಮೇಲೆ ಗೆರೆ ಇಲ್ಲವೆನ್ನುವಷ್ಟು ಕಡಿಮೆ. ಹಿಂಗಾರಿ ಜೋಳ ಬಿತ್ತುವ ಸುಮಾರಿಗೆ ಉತ್ತರದ ದೂರದೇಶದಿಂದ ಬರತದ, ಬ್ಯಾಸಿಗಿಗೆ ಹೋಗತದ. ಎಳೆಯ ಟಾನಿಗೂ ಎದೆಯಲ್ಲಿ ಗೆರೆ ಇರತಾವ. ಅದಕ್ಕೇ ಒಂದೇ ಗುರುತು ನೋಡಿ ಹೆಸರು ಹೇಳಬಾರದು.

ಸಲೀಂ ಅಲಿಯವರ ಭಾರತದ ಹಕ್ಕಿಗಳ ಪುಸ್ತಕ 1941ರಲ್ಲಿ ಬಂತು. 1976ರಲ್ಲಿ ಪದ್ಮವಿಭೂಷಣ ದೊರೆಯಿತು. 1987ರಲ್ಲಿ ತೀರಿಕೊಂಡರು. ಡಿಗ್ರಿ ಕೇಳಿದವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಗುಬ್ಬಿಯ ಹಳದಿ ಕುತ್ತಿಗೆ ನೋಡಿ ಯಾಕೆ ಅಂತ ಕೇಳಿದ ಹುಡುಗನ ಹೆಸರು ದೇಶಕ್ಕೆಲ್ಲ ಗೊತ್ತು. ನಾಳೆ ಹೊಲಕ್ಕೆ ಹೋದಾಗ ಕಲ್ಲು ಹೊಡೀಬ್ಯಾಡ್ರಿ, ಸ್ವಲ್ಪ ನಿಂತು ಎದೆಯ ಗೆರೆ ನೋಡ್ರಿ.