ಪಾಪನಿವೇದನೆಯ ಗುರು: ಸಂತ ಜಾನ್ ಮರಿಯ ವಿಯಾನ್ನಿ

ಆಗಸ್ಟ್ 4 ಬಂತೆಂದರೆ ನಾವು ನಮ್ಮ ವಿಗಾರರಿಗೆ ಹೂಗುಚ್ಛ ನೀಡಿ ಶುಭ ಕೋರುತ್ತೇವೆ. ಆ ದಿನದ ಸಂತರು ಧರ್ಮಕೇಂದ್ರಗಳ ಗುರುಗಳ ಪಾಲಕರೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಅವರು ತಮ್ಮ ಬಾಳಿನ ಬಹುಪಾಲನ್ನು ಕಳೆದದ್ದು ಪಾಪನಿವೇದನಾ ಪೀಠದಲ್ಲಿ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಜಾನ್ ಮರಿಯ ವಿಯಾನ್ನಿ ಹುಟ್ಟಿದ್ದು 1786ರ ಮೇ 8ರಂದು, ಫ್ರಾನ್ಸಿನ ಲಿಯೋನ್ ನಗರದ ಬಳಿಯ ಡಾರ್ಡಿಲಿ ಗ್ರಾಮದ ರೈತ ಕುಟುಂಬದಲ್ಲಿ. ಮೂರು ವರ್ಷಗಳಲ್ಲಿ ಫ್ರೆಂಚ್ ಕ್ರಾಂತಿ ಆರಂಭವಾಯಿತು. ಸರ್ಕಾರದ ಪ್ರಮಾಣವನ್ನು ಸ್ವೀಕರಿಸದ ಗುರುಗಳು ತಲೆಮರೆಸಿಕೊಂಡು ಸೇವೆ ಮಾಡಬೇಕಾಯಿತು. ಹಾಗೆ ಗುಟ್ಟಾಗಿ ಮನೆಗೆ ಬಂದ ಒಬ್ಬ ಗುರುಗಳ ಬಳಿ 1797ರಲ್ಲಿ, ಗಡಿಯಾರದ ಕೆಳಗೆ ನಿಂತು, ಹನ್ನೊಂದರ ಬಾಲಕ ತನ್ನ ಮೊದಲ ಪಾಪನಿವೇದನೆ ಮಾಡಿದ. ಎರಡು ವರ್ಷಗಳ ನಂತರ ಪ್ರಥಮ ಪರಮಪ್ರಸಾದವೂ ಒಂದು ಮನೆಯಲ್ಲೇ. ಒಳಗಿನ ಮೇಣದಬತ್ತಿಗಳ ಬೆಳಕು ಹೊರಗೆ ಕಾಣದಂತೆ ಕಿಟಕಿಗಳೆದುರು ಹುಲ್ಲಿನ ಗಾಡಿಗಳನ್ನು ನಿಲ್ಲಿಸಿದ್ದರು. ಪಾಪಕ್ಷಮೆಗಾಗಿ ಇಷ್ಟು ಅಪಾಯ ಎದುರಿಸಿದ ಜನರ ನಡುವೆ ಆತ ಬೆಳೆದ. ಈಸ್ಟರಿನ ಮುಂಚೆ ಸಾಲಿನಲ್ಲಿ ನಿಂತು ಕೈಗಡಿಯಾರ ನೋಡುವ ನಮಗೆ ಇದು ತುಸು ಮುಜುಗರದ ಸಂಗತಿ.

ಗುರುವಾಗುವ ದಾರಿ ಸುಗಮವಾಗಿರಲಿಲ್ಲ. 1809ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಕರೆ ಬಂತು. ಕಾಯಿಲೆಯಿಂದ ಪಡೆಯ ಹಿಂದುಳಿದ ಆತ ಬೆಟ್ಟದೂರೊಂದರಲ್ಲಿ ಅಡಗಿ ಉಳಿಯಬೇಕಾಯಿತು. 1810ರ ಸಾಮೂಹಿಕ ಕ್ಷಮಾದಾನದಿಂದ ಮನೆಗೆ ಮರಳಲು ಸಾಧ್ಯವಾಯಿತು. ಲ್ಯಾಟಿನ್ ಮಾತ್ರ ತಲೆಗೆ ಹತ್ತಲೇ ಇಲ್ಲ. ಲಿಯೋನಿನ ಗುರುಮಠದಿಂದ ಹೊರಗೂ ಕಳುಹಿಸಿದರು. ಎಕುಲ್ಲಿಯ ವಿಗಾರರಾದ ವಂದನೀಯ ಬಾಲೆಯವರು ಕೈಬಿಡದೆ ಕಲಿಸಿದರು. 1815ರ ಆಗಸ್ಟ್ 13ರಂದು ಗ್ರೆನೋಬಲ್‌ನಲ್ಲಿ ಗುರುದೀಕ್ಷೆಯಾಯಿತು. ಆದರೂ ಪಾಪನಿವೇದನೆ ಕೇಳುವ ಅನುಮತಿ ಕೆಲವು ತಿಂಗಳು ಸಿಗಲಿಲ್ಲ. ಅನುಮತಿ ದೊರೆತಾಗ ಅವರ ಮುಂದೆ ಮೊದಲು ಮೊಣಕಾಲೂರಿದವರು ಅದೇ ಬಾಲೆಯವರು!

1818ರ ಫೆಬ್ರವರಿಯಲ್ಲಿ ಅವರು ಸುಮಾರು 230 ಜನರಿದ್ದ ಆರ್ಸ್ ಎಂಬ ಹಳ್ಳಿಗೆ ಬಂದರು. ಕ್ರಾಂತಿಯ ತರುವಾಯ ಭಾನುವಾರವೂ ಹೊಲಕ್ಕೆ ಹೋಗುವ, ಹೆಂಡದಂಗಡಿಯಲ್ಲಿ ಕೂರುವ ರೂಢಿ ಅಲ್ಲಿತ್ತು. ಹೊಸ ಗುರುಗಳು ಮೊದಲು ತಮ್ಮನ್ನೇ ದಂಡಿಸಿಕೊಂಡರು: ಬೇಯಿಸಿದ ಆಲೂಗಡ್ಡೆಯೇ ಊಟ, ರಾತ್ರಿಯೆಲ್ಲ ಪರಮಪ್ರಸಾದದ ಮುಂದೆ ಪ್ರಾರ್ಥನೆ. ಜನರ ವಿಷಯದಲ್ಲಿಯೂ ಆರಂಭದಲ್ಲಿ ತುಂಬ ಕಠಿಣವಾಗಿದ್ದರು. ಕುಣಿತದ ಮೋಜು ಬಿಡದವರಿಗೆ ಪಾಪವಿಮೋಚನೆಯನ್ನೇ ತಡೆಹಿಡಿಯುತ್ತಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ. ವರ್ಷಗಳು ಕಳೆದಂತೆ, ಸಂತ ಅಲ್ಫೋನ್ಸರ ಬೋಧನೆಯ ಪ್ರಭಾವವೂ ಸೇರಿ, ಅವರು ಮೃದುವಾದರು. ಪಶ್ಚಾತ್ತಾಪಿಗೆ ಹಗುರವಾದ ಪ್ರಾಯಶ್ಚಿತ್ತ ಕೊಟ್ಟು, ಉಳಿದದ್ದನ್ನು ತಾವೇ ಸಲ್ಲಿಸುತ್ತಿದ್ದರು.

ಈ ಸುದ್ದಿ ಹಬ್ಬಿತು. ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಯಾತ್ರಿಕರು ಬರುತ್ತಿದ್ದರು. ಸರದಿಗಾಗಿ ದಿನಗಟ್ಟಲೆ ಕಾಯುತ್ತಿದ್ದರು. ವಂದನೀಯ ವಿಯಾನ್ನಿಯವರು ನಡುರಾತ್ರಿಯ ಬಳಿಕ ಪೀಠದಲ್ಲಿ ಕುಳಿತರೆ, ದಿನಕ್ಕೆ 16 ಗಂಟೆಗೂ ಹೆಚ್ಚು ಕಾಲ ಅಲ್ಲಿಯೇ. ಚಳಿಗಾಲದಲ್ಲಿ ಕಾಲು ಮರಗಟ್ಟುತ್ತಿತ್ತು, ಬೇಸಿಗೆಯಲ್ಲಿ ಆ ಇಕ್ಕಟ್ಟಿನೊಳಗೆ ಉಸಿರು ಕಟ್ಟುತ್ತಿತ್ತು. ಬಲಿಪೂಜೆ, ಧರ್ಮೋಪದೇಶ ಮತ್ತು ಅಲ್ಪ ಊಟಕ್ಕೆ ಮಾತ್ರ ಬಿಡುವು.

ನೆರೆಯ ಕೆಲವು ಗುರುಗಳಿಗೆ ಇದು ಹಿಡಿಸಲಿಲ್ಲ. ಓದು ಸಾಲದ ಗುರುವೆಂದು ದೂರಿ ಸಹಿ ಸಂಗ್ರಹಿಸುತ್ತಿದ್ದ ಪತ್ರ ತಪ್ಪಿ ಅವರ ಕೈಗೇ ಬಂದಾಗ, ಅವರೂ ಅದಕ್ಕೆ ಸಹಿ ಹಾಕಿ ಕಳುಹಿಸಿದರು.

ಇತರರಿಗೆ ಶಾಂತಿ ಕೊಟ್ಟ ಇವರಿಗೆ ತಮ್ಮ ಬಗ್ಗೆ ಮಾತ್ರ ಸಮಾಧಾನವಿರಲಿಲ್ಲ. ಧರ್ಮಕೇಂದ್ರದ ಹೊಣೆಗೆ ತಾನು ಅರ್ಹನಲ್ಲ, ಎಲ್ಲಾದರೂ ಏಕಾಂತದಲ್ಲಿ ತನ್ನ ಪಾಪಗಳಿಗಾಗಿ ಅಳಬೇಕು ಎಂಬ ಹಂಬಲ ಬಹಳ ವರ್ಷ ಕಾಡಿತು. 1843ರಲ್ಲಿ ರಾತ್ರಿ ಹೊರಟು ಡಾರ್ಡಿಲಿಯ ಅಣ್ಣನ ಮನೆ ಸೇರಿದರು. ಯಾತ್ರಿಕರು ಅಲ್ಲಿಗೂ ಬಂದರು! ಕೆಲವೇ ದಿನಗಳಲ್ಲಿ ಆರ್ಸ್‌ಗೆ ಹಿಂದಿರುಗಿದರು. 1853ರಲ್ಲಿ ಮತ್ತೆ ಹೊರಟಾಗ ಜನರು ಗಂಟೆ ಬಾರಿಸಿ, ದಾರಿಗೆ ಅಡ್ಡ ನಿಂತರು. ಅವರು ಚರ್ಚಿಗೆ ಮರಳಿ ಪೀಠದಲ್ಲಿ ಕುಳಿತರು.

1859ರ ಜುಲೈ 29ರ ಸೆಕೆಯಲ್ಲಿಯೂ ದಿನವಿಡೀ ಪಾಪನಿವೇದನೆ ಕೇಳಿದರು. ಮರುದಿನ ಏಳಲಾಗಲಿಲ್ಲ. ಆಗಸ್ಟ್ 4ರ ನಸುಕಿನಲ್ಲಿ, 73ರ ವಯಸ್ಸಿನಲ್ಲಿ ದೈವಾಧೀನರಾದರು. 1925ರ ಮೇ 31ರಂದು ಪೋಪ್ 11ನೇ ಪಿಯುಸ್ ಅವರನ್ನು ಸಂತರೆಂದು ಘೋಷಿಸಿದರು. ಲ್ಯಾಟಿನ್ ಬಾರದೆಂದು ಗುರುಮಠದಿಂದ ಹೊರಬಿದ್ದವರು 1929ರಲ್ಲಿ ವಿಶ್ವದ ಎಲ್ಲ ಧರ್ಮಕೇಂದ್ರಗಳ ಗುರುಗಳ ಪಾಲಕರಾದರು.