ಕಡಲ ತಾಯಿ

ಜಪಾನೀಯರ ಊಟದಲ್ಲಿ ನೋರಿಗೆ ವಿಶೇಷ ಸ್ಥಾನವಿದೆ. ಅದು ಒಂದು ಬಗೆಯ ಕಡಲಪಾಚಿ. ಅದನ್ನು ಕೊಚ್ಚಿ, ಕಾಗದದಂತೆ ತೆಳುವಾಗಿ ಹರಡಿ ಒಣಗಿಸಿ, ಅನ್ನದ ಉಂಡೆಗೆ ಸುತ್ತಿ ತಿನ್ನುತ್ತಾರೆ. ಶತಮಾನಗಳಿಂದ ಅಲ್ಲಿನ ಬೆಸ್ತರು ಆಳವಿಲ್ಲದ ಕಡಲಿನಲ್ಲಿ ಬಿದಿರಿನ ಗಳಗಳನ್ನು ನೆಟ್ಟು ನೋರಿಯನ್ನು ಬೆಳೆಸುತ್ತಿದ್ದರು. ಬೆಳೆಸುತ್ತಿದ್ದರು ಎನ್ನುವುದಕ್ಕಿಂತ ಅದಕ್ಕಾಗಿ ಕಾಯುತ್ತಿದ್ದರು ಎನ್ನುವುದೇ ಸರಿ. ಚಳಿಗಾಲದಲ್ಲಿ ಹುಲುಸಾಗಿ ಬೆಳೆಯುವ ಈ ಪಾಚಿ ಬೇಸಗೆಯಲ್ಲಿ ಎಲ್ಲಿ ಅಡಗುತ್ತದೆ, ಶರತ್ಕಾಲದಲ್ಲಿ ಅದರ ಬೀಜಕಣಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಯಾರೂ ಅರಿತಿರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಬೆಳೆ ಕುಸಿದಾಗ ಅದನ್ನೇ ನಂಬಿದ್ದ ಸಂಸಾರಗಳು ದಿಕ್ಕೆಟ್ಟವು.

ಈ ಒಗಟನ್ನು ಬಿಡಿಸಿದವರು ಜಪಾನನ್ನು ಕಂಡೇ ಇರದ ಆಂಗ್ಲ ಮಹಿಳೆ, ಕ್ಯಾಥ್ಲೀನ್ ಮೇರಿ ಡ್ರೂ.

ಆಕೆ 1901ರಲ್ಲಿ ಇಂಗ್ಲೆಂಡಿನ ಲೀ ಎಂಬ ಪಟ್ಟಣದಲ್ಲಿ ಜನಿಸಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1922ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದು, ಅಲ್ಲಿಯೇ ಅಧ್ಯಾಪಕಿಯಾದರು. ವಿದ್ಯಾರ್ಥಿವೇತನ ಪಡೆದು ಕೆಲಕಾಲ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿಯೂ ಸಂಶೋಧನೆ ನಡೆಸಿದರು. 1928ರಲ್ಲಿ ಹೆನ್ರಿ ರೈಟ್ ಬೇಕರ್ ಅವರೊಡನೆ ವಿವಾಹವಾಯಿತು. ವಿವಾಹಿತ ಸ್ತ್ರೀಯರನ್ನು ನೌಕರಿಯಲ್ಲಿ ಇರಿಸಿಕೊಳ್ಳಬಾರದೆಂಬುದು ಆಗ ವಿಶ್ವವಿದ್ಯಾನಿಲಯದ ನಿಯಮ. ಮದುವೆಯ ಫಲವಾಗಿ ಆಕೆಯ ಕೆಲಸ ಹೋಯಿತು! ಆದರೂ ಆಕೆ ಪ್ರಯೋಗಾಲಯವನ್ನು ಬಿಡಲಿಲ್ಲ. ಸಂಬಳವಿಲ್ಲದ ಸಂಶೋಧಕಿಯಾಗಿ ದುಡಿಯುತ್ತ, ಇಬ್ಬರು ಮಕ್ಕಳ ಪಾಲನೆಯ ನಡುವೆಯೂ ಕೆಂಪುಪಾಚಿಗಳ ಅಧ್ಯಯನವನ್ನು ಮುಂದುವರಿಸಿದರು.

ನೋರಿಯ ಹತ್ತಿರದ ಬಂಧುವಾದ ಪಾಚಿಯೊಂದು ಬ್ರಿಟನ್ನಿನ ಕರಾವಳಿಯ ಬಂಡೆಗಳ ಮೇಲೆಯೂ ಬೆಳೆಯುತ್ತದೆ. ವೇಲ್ಸ್ ಪ್ರಾಂತದ ಜನ ಅದನ್ನು ಬೇಯಿಸಿ ತಿನ್ನುತ್ತಾರೆ. ಡ್ರೂ ಇದರ ಬೀಜಕಣಗಳನ್ನು ಪ್ರಯೋಗಾಲಯದ ಕಡಲನೀರಿನಲ್ಲಿ ಬೆಳೆಸಲು ಯತ್ನಿಸಿದರು. ನೀರಿಗೆ ಕಪ್ಪೆಚಿಪ್ಪುಗಳನ್ನು ಹಾಕಿದಾಗ ಅಚ್ಚರಿಯೊಂದು ಕಾದಿತ್ತು. ಬೀಜಕಣಗಳು ಚಿಪ್ಪನ್ನು ಕೊರೆದು ಒಳಹೊಕ್ಕು, ನಸುಗೆಂಪು ಬಣ್ಣದ ಸೂಕ್ಷ್ಮ ಎಳೆಗಳಾಗಿ ಹಬ್ಬಿದವು. ಇಂತಹ ಎಳೆಗಳು ವಿಜ್ಞಾನಿಗಳಿಗೆ ಹೊಸವಲ್ಲ. 1892ರಲ್ಲಿಯೇ ಅವಕ್ಕೆ ಕಾಂಕೋಸೆಲಿಸ್ ಎಂಬ ಹೆಸರಿಟ್ಟು, ಬೇರೆಯೇ ಒಂದು ಸಸ್ಯವೆಂದು ಎಣಿಸಲಾಗಿತ್ತು. ಕಂಬಳಿಹುಳುವನ್ನೂ ಚಿಟ್ಟೆಯನ್ನೂ ಬೇರೆ ಬೇರೆ ಜೀವಿಗಳೆಂದು ತಿಳಿದಂತೆಯೇ ಇದು. ಎರಡೂ ಒಂದೇ ಪಾಚಿಯ ಎರಡು ಅವಸ್ಥೆಗಳೆಂದು ಡ್ರೂ 1949ರಲ್ಲಿ ನೇಚರ್ ಪತ್ರಿಕೆಯ ಪುಟ್ಟ ಲೇಖನವೊಂದರಲ್ಲಿ ತಿಳಿಸಿದರು.

ಕ್ಯೂಷೂ ವಿಶ್ವವಿದ್ಯಾನಿಲಯದ ಸೊಕಿಚಿ ಸೆಗಾವ ಈ ಸಂಶೋಧನೆಯ ಮಹತ್ವವನ್ನು ಕೂಡಲೇ ಗ್ರಹಿಸಿದರು. ಜಪಾನಿನ ನೋರಿಯೂ ಬೇಸಗೆಯನ್ನು ಚಿಪ್ಪಿನೊಳಗೇ ಕಳೆಯುತ್ತದೆಂಬುದು ಖಚಿತವಾಯಿತು. ಅಲ್ಲಿಂದ ಮುಂದೆ ತೊಟ್ಟಿಗಳಲ್ಲಿ ಚಿಪ್ಪುಗಳನ್ನಿಟ್ಟು ಎಳೆಗಳನ್ನು ಬೆಳೆಸಿ, ನೀರು ತಂಪಾದಾಗ ಹೊರಬರುವ ಬೀಜಕಣಗಳನ್ನು ಬಲೆಗಳಿಗೆ ಹತ್ತಿಸಿ, ಆ ಬಲೆಗಳನ್ನು ಕಡಲಿನಲ್ಲಿ ಕಟ್ಟುವ ಕ್ರಮ ರೂಢಿಗೆ ಬಂದಿತು. ಅದೃಷ್ಟವನ್ನು ನೆಚ್ಚಿದ್ದ ಕಸುಬು ಬೇಸಾಯವಾಯಿತು.

ಡ್ರೂ 1952ರಲ್ಲಿ ಬ್ರಿಟನ್ನಿನ ಪಾಚಿಶಾಸ್ತ್ರ ಸಂಘದ ಮೊದಲ ಅಧ್ಯಕ್ಷೆಯಾದರು. 1957ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರು ವರ್ಷಗಳ ಅನಂತರ ಜಪಾನಿನ ಉಟೊ ನಗರದಲ್ಲಿ, ಅರಿಯಾಕೆ ಕಡಲಿಗೆ ಎದುರಾಗಿ, ಆಕೆಯ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಪ್ರತಿವರ್ಷವೂ ಏಪ್ರಿಲ್ 14ರಂದು ನೋರಿ ಬೆಳೆಗಾರರು ಅಲ್ಲಿ ಕೂಡಿ, ತಮ್ಮ ಕಡಲ ತಾಯಿಗೆ ನಮಿಸುವ ವಾಡಿಕೆ ಬೆಳೆದುಬಂದಿದೆ.