ಆಲ್ಬನಿಯ ಅಧ್ಯಾಪಕ ಜೋಸೆಫ್ ಹೆನ್ರಿ

ವಿದ್ಯುತ್ ಪ್ರವಾಹಕ್ಕೆ ಆಂಪಿಯರ್, ವಿಭವಾಂತರಕ್ಕೆ ವೋಲ್ಟ್, ರೋಧಕ್ಕೆ ಓಮ್. ನಮ್ಮ ಹಳೆವಿದ್ಯಾರ್ಥಿಗಳು ಈ ಏಕಮಾನಗಳನ್ನು ಮರೆತಿರಲಾರರು. ತಂತಿಯ ಸುರುಳಿಯ ಪ್ರೇರಕತ್ವವನ್ನು ಅಳೆಯುವ ಏಕಮಾನ ಹೆನ್ರಿ. ಆ ಹೆಸರಿನ ಹಿಂದೆ ಇರುವವರು ಒಬ್ಬ ಶಾಲಾ ಅಧ್ಯಾಪಕರು. (ಓಮ್ ಕೂಡ ಶಾಲೆಯಲ್ಲಿ ಪಾಠ ಹೇಳಿದವರೇ.) ಶತಮಾನೋತ್ಸವದ ಈ ಸಂಪುಟದಲ್ಲಿ ಅವರನ್ನು ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಜೋಸೆಫ್ ಹೆನ್ರಿ ಜನಿಸಿದ್ದು 1797ರ ಡಿಸೆಂಬರ್ 17ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. ತಂದೆ ಕೂಲಿ ಮಾಡಿ ಬದುಕಿದವರು. ಮಗ ಇನ್ನೂ ಎಳೆಯನಿರುವಾಗಲೇ ತೀರಿಕೊಂಡರು. ಬಾಲಕ ಅಜ್ಜಿಯ ಆಶ್ರಯದಲ್ಲಿ ಬೆಳೆದನು, ಅಂಗಡಿಯಲ್ಲಿ ದುಡಿದನು, ಗಡಿಯಾರ ಮತ್ತು ಬೆಳ್ಳಿಯ ಕೆಲಸಗಾರರಲ್ಲಿ ಕೆಲಸ ಕಲಿಯಲು ನಿಂತನು. ಹದಿನಾರರ ವಯಸ್ಸಿನಲ್ಲಿ ಕೈಗೆ ಸಿಕ್ಕಿದ ಒಂದು ವಿಜ್ಞಾನ ಪುಸ್ತಕ ಮನಸ್ಸನ್ನು ಬೇರೆಡೆಗೆ ತಿರುಗಿಸಿತು. 1819ರಲ್ಲಿ ಆಲ್ಬನಿ ಅಕಾಡೆಮಿಯಲ್ಲಿ ಶುಲ್ಕವಿಲ್ಲದೆ ಕಲಿಯುವ ಅವಕಾಶ ದೊರೆಯಿತು. ಹೊಟ್ಟೆಪಾಡಿಗೆ ಮನೆಪಾಠವೇ ಗತಿ. 1826ರಲ್ಲಿ ಅದೇ ಸಂಸ್ಥೆಯಲ್ಲಿ ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕರಾದರು.

ದಿನಕ್ಕೆ ಸುಮಾರು ಏಳು ಗಂಟೆ ಪಾಠ, ಅದರಲ್ಲಿ ಬಹುಭಾಗ ಚಿಕ್ಕ ಹುಡುಗರಿಗೆ ಪ್ರಾಥಮಿಕ ಗಣಿತ. ಪ್ರಯೋಗಕ್ಕೆ ಉಳಿಯುತ್ತಿದ್ದುದು ಆಗಸ್ಟ್ ತಿಂಗಳ ರಜೆ. ಅಂದಿನ ವಿದ್ಯುತ್ಕಾಂತಗಳಲ್ಲಿ ಬರಿಯ ತಂತಿಯನ್ನು ಅಂತರ ಬಿಟ್ಟು ಸುತ್ತುತ್ತಿದ್ದರು. ಹೆನ್ರಿ ತಂತಿಗೇ ರೇಷ್ಮೆಯನ್ನು ಸುತ್ತಿದರು. ಸುತ್ತುಗಳು ಪರಸ್ಪರ ತಾಗಿದರೂ ಪ್ರವಾಹ ದಾರಿ ತಪ್ಪದು; ಪದರದ ಮೇಲೆ ಪದರ ಸುತ್ತಬಹುದು. 1831ರಲ್ಲಿ ಯೇಲ್ ಕಾಲೇಜಿಗಾಗಿ ಅವರು ರಚಿಸಿದ ಕಾಂತ 2,063 ಪೌಂಡ್, ಅಂದರೆ ಸುಮಾರು 936 ಕಿಲೋಗ್ರಾಂ ಭಾರವನ್ನು ಎತ್ತಿತು. ಅದೇ ಕಾಲದಲ್ಲಿ ಒಂದು ಮೈಲಿಗೂ ಮೀರಿದ ತಂತಿಯ ಮೂಲಕ ಗಂಟೆ ಬಾರಿಸಿ ತೋರಿಸಿದರು. ಅದಕ್ಕೆ ಹಕ್ಕುಪತ್ರ ಪಡೆಯಲಿಲ್ಲ.

ಕಾಂತದಿಂದ ವಿದ್ಯುತ್ತನ್ನು ಪಡೆಯುವ ಪ್ರಯೋಗವನ್ನೂ ಅವರು ನಡೆಸಿದ್ದರು. ಆದರೆ ಬರೆದು ಪ್ರಕಟಿಸುವ ಮುನ್ನವೇ ಲಂಡನ್ನಿನ ಮೈಕೆಲ್ ಫ್ಯಾರಡೆಯವರ ಶೋಧ ಹೊರಬಂದಿತು, ಕೀರ್ತಿ ಫ್ಯಾರಡೆಯವರದಾಯಿತು. ಇದರಲ್ಲಿ ಅನ್ಯಾಯವಿಲ್ಲ, ಮೊದಲು ಪ್ರಕಟಿಸಿದವರಿಗೆ ಮನ್ನಣೆ ಸಲ್ಲುವುದು ವಿಜ್ಞಾನದ ಪದ್ಧತಿ. ಆದರೂ ತರಗತಿಗಳ ನಡುವೆ ಬಿಡುವು ಹುಡುಕುವವರಿಗೆ ಈ ಸಂಗತಿ ನೋವಿನದೇ. 1832ರಲ್ಲಿ ಕೊನೆಗೂ ಪ್ರಕಟವಾದ ಹೆನ್ರಿಯವರ ಲೇಖನದ ಅಂತ್ಯದಲ್ಲಿ ಬೇರೊಂದು ವಿಷಯವಿತ್ತು. ಬ್ಯಾಟರಿಗೆ ಜೋಡಿಸಿದ ಗಿಡ್ಡ ತಂತಿಯನ್ನು ಬಿಡಿಸಿದಾಗ ಕಿಡಿ ಕಾಣದು. ಮೂವತ್ತು ನಲುವತ್ತು ಅಡಿಯ ತಂತಿಯಾದರೆ ಕಿಡಿ ಹಾರುವುದು. ಅದನ್ನೇ ಸುರುಳಿ ಸುತ್ತಿದರೆ ಕಿಡಿ ಇನ್ನೂ ಪ್ರಖರ. ನಿಲ್ಲಲಿರುವ ಪ್ರವಾಹವನ್ನು ಸುರುಳಿಯೇ ಮುಂದುವರಿಸಲು ಯತ್ನಿಸುತ್ತದೆ. ಇದೇ ಸ್ವಪ್ರೇರಣೆ. ಈ ಶೋಧದಲ್ಲಿ ಅವರೇ ಮೊದಲಿಗರು.

ಮುಂದೆ ಪ್ರಿನ್ಸ್‌ಟನ್ನಿನಲ್ಲಿ ಪ್ರಾಧ್ಯಾಪಕರಾಗಿ, 1846ರಿಂದ ಸ್ಮಿತ್‌ಸೋನಿಯನ್ ಸಂಸ್ಥೆಯ ಪ್ರಥಮ ಕಾರ್ಯದರ್ಶಿಯಾಗಿ ಸೇವೆ ಸಲ್ಲಿಸಿದರು. 1878ರ ಮೇ 13ರಂದು ವಾಷಿಂಗ್ಟನ್ನಿನಲ್ಲಿ ನಿಧನರಾದರು. 1893ರಲ್ಲಿ ಷಿಕಾಗೋದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಪ್ರೇರಕತ್ವದ ಏಕಮಾನಕ್ಕೆ ಅವರ ಹೆಸರನ್ನಿಟ್ಟಿತು.

ಈ ಏಕಮಾನವನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಆರು ವೋಲ್ಟಿನ ಟ್ರಾನ್ಸ್‌ಫಾರ್ಮರ್, ಒಂದು ರಿಯೋಸ್ಟಾಟ್, ಒಂದು ಮಲ್ಟಿಮೀಟರ್ ಇಷ್ಟರಿಂದಲೇ ಇದನ್ನು ಮಾಡಿಸುತ್ತೇವೆ. ಕಬ್ಬಿಣದ ತಿರುಳುಳ್ಳ ಸುರುಳಿಯನ್ನೂ ರಿಯೋಸ್ಟಾಟನ್ನೂ ಒಂದರ ಹಿಂದೊಂದು ಜೋಡಿಸಿ, ಎರಡರ ಮೇಲೂ ಸಮಾನ ವೋಲ್ಟೇಜ್ ಬರುವವರೆಗೆ ರಿಯೋಸ್ಟಾಟನ್ನು ಸರಿಸಬೇಕು. ಆಗ ಅದರ ಬೆಲೆ 130 ಓಮ್ ಎಂದಿಟ್ಟುಕೊಳ್ಳೋಣ. ಪರ್ಯಾಯ ಪ್ರವಾಹಕ್ಕೆ ಸುರುಳಿ ಒಡ್ಡುವ ಒಟ್ಟು ತಡೆಯೂ ಅಷ್ಟೇ. ಬಿಡಿಸಿಟ್ಟ ಸುರುಳಿಯ ರೋಧವನ್ನು ಮಲ್ಟಿಮೀಟರಿನಿಂದ ಅಳೆದಾಗ 50 ಓಮ್ ಬಂದರೆ, ಉಳಿದುದು ಪೈಥಾಗೊರಸನ ಪ್ರಮೇಯದ ಕೆಲಸ. ಕರ್ಣ 130, ಒಂದು ಬಾಹು 50, ಇನ್ನೊಂದು 120. ನಮ್ಮ ಮನೆಗಳ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅದನ್ನು 2π ಇಂದ ಗುಣಿಸಿದರೆ 314. 120ನ್ನು 314ರಿಂದ ಭಾಗಿಸಿದಾಗ ಸುಮಾರು 0.38 ಹೆನ್ರಿ.

ಲೆಕ್ಕಕ್ಕಿಂತ ಮೊದಲೇ ಮಕ್ಕಳು ತಡೆದು ನಿಲ್ಲುವ ಜಾಗ ಒಂದಿದೆ. ಸುರುಳಿಯ ಮೇಲೆ 3.6 ವೋಲ್ಟ್, ರಿಯೋಸ್ಟಾಟಿನ ಮೇಲೆ 3.6 ವೋಲ್ಟ್, ಕೂಡಿದರೆ 7.2, ಕೊಟ್ಟದ್ದೋ ಆರೇ ವೋಲ್ಟ್! ಎರಡೂ ವೋಲ್ಟೇಜುಗಳು ಒಂದೇ ಕ್ಷಣದಲ್ಲಿ ತುತ್ತತುದಿಯನ್ನು ಮುಟ್ಟುವುದಿಲ್ಲ, ಆದ್ದರಿಂದ ಸರಳ ಸಂಕಲನ ಇಲ್ಲಿ ಸಲ್ಲದು. ಮನೆಯಲ್ಲಿ ಮಾಡಬಯಸುವ ಪೋಷಕರು ಟ್ರಾನ್ಸ್‌ಫಾರ್ಮರಿನ ಆರು ವೋಲ್ಟಿನ ಬದಿಯನ್ನು ಮಾತ್ರ ಬಳಸಬೇಕು, ಗೋಡೆಯ ಪ್ಲಗ್ಗಿಗೆ ಸುರುಳಿಯನ್ನು ಎಂದೂ ನೇರವಾಗಿ ಜೋಡಿಸಬಾರದು.